ಗುಲಾಬಿ ಬಣ್ಣದ ಸಾಕ್ಷಿ

ರಕ್ತಪರೀಕ್ಷೆಗೆ ಹೋಗಿಬಂದವರಲ್ಲಿ ಹಲವರಿಗೆ ಈ ಅನುಭವ ಆಗಿರುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ ರಕ್ತ ಕೊಟ್ಟು, ಮನೆಗೆ ಬಂದು ಕಾಫಿ ಕುಡಿಯುವಷ್ಟರಲ್ಲಿ ಲ್ಯಾಬಿನಿಂದ ಫೋನು: "ಸ್ಯಾಂಪಲ್ ಹಿಮೊಲೈಸ್ ಆಗಿದೆ ಸಾರ್, ಇನ್ನೊಂದು ಸಲ ಬರ್ತೀರಾ?" ಸೂಜಿ ಸಣ್ಣದಾಯಿತೋ, ಸಿರಿಂಜನ್ನು ಜೋರಾಗಿ ಎಳೆದರೋ, ಟ್ಯೂಬನ್ನು ಯಾರಾದರೂ ಕುಲುಕಿದರೋ, ಅಂತೂ ಕೆಂಪು ಕಣಗಳು ಒಡೆದಿವೆ. ಸೆಂಟ್ರಿಫ್ಯೂಜಿನಲ್ಲಿ ಗಿರಗಿರ ತಿರುಗಿ ಹೊರಬಂದ ಮೇಲೆ ತಿಳಿ ಹಳದಿಯಾಗಿ ನಿಲ್ಲಬೇಕಾದ ಸೀರಮ್ ಗುಲಾಬಿ ಬಣ್ಣಕ್ಕೆ ತಿರುಗಿದೆ. ನಾವು ಗೊಣಗುತ್ತಾ ಇನ್ನೊಂದು ತೋಳು ಚಾಚುತ್ತೇವೆ.

ಲ್ಯಾಬಿನವರಿಗೆ ದಿನನಿತ್ಯದ ಈ ತಾಪತ್ರಯವೇ ಪಾರ್ಕಿನ್ಸನ್ ಕಾಯಿಲೆಯ ಸಂಶೋಧಕರನ್ನು ಹಲವು ವರ್ಷ ದಾರಿ ತಪ್ಪಿಸಿತು. ಮೆದುಳಿನಲ್ಲಿ ಕೂತ ಕಾಯಿಲೆಯೊಂದರ ಗುರುತನ್ನು ತೋಳಿನ ರಕ್ತದಲ್ಲಿ ಹಿಡಿಯುವ ಪ್ರಯತ್ನದ ಈ ಕಥೆಯಲ್ಲಿ ಗುಲಾಬಿ ಬಣ್ಣ ಎರಡು ಸಲ ಬರುತ್ತದೆ. ಮೊದಲ ಸಲ ಅದು ನಿಜ ಹೇಳಿತು.

ಅದು ವಿಯೆನ್ನಾದಲ್ಲಿ, 1960ರ ಸುಮಾರಿಗೆ. ಅದಕ್ಕೆ ಮೂರು ವರ್ಷ ಮೊದಲು ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರೆಸರ್ಪಿನ್ ಚುಚ್ಚಿ ಅವು ಕಲ್ಲಿನಂತೆ ಕೂತುಬಿಡುವುದನ್ನು ನೋಡಿದ್ದರು. ಮೆದುಳಿನಲ್ಲಿ ಡೋಪಮೈನ್ ಆಗಿ ಮಾರ್ಪಡುವ ಡೋಪಾ ಕೊಟ್ಟಾಗ ಅವೇ ಮೊಲಗಳು ಎದ್ದು ಓಡಾಡಿದವು. ಆ ರೆಸರ್ಪಿನ್ ನಮ್ಮ ಸರ್ಪಗಂಧದ ಬೇರಿನಿಂದ ತೆಗೆದದ್ದು. ನಮ್ಮ ಹಳ್ಳಿಗಳ ನಾಟಿ ವೈದ್ಯರ ಚೀಲದಲ್ಲಿದ್ದ ಬೇರು ಸ್ವೀಡನ್ನಿನ ಮೊಲದ ಮೂಲಕ ನೊಬೆಲ್ ಬಹುಮಾನದವರೆಗೆ ಹೋದ ಕಥೆ ಬೇರೆಯೇ ಇದೆ, ಇಲ್ಲಿ ಅದಕ್ಕೆ ಜಾಗವಿಲ್ಲ. ವಿಯೆನ್ನಾದ ಓಲೆ ಹಾರ್ನಿಕೀವಿಚ್ ಈ ಜಾಡು ಹಿಡಿದು, ಪಾರ್ಕಿನ್ಸನ್‌ನಿಂದ ತೀರಿಕೊಂಡವರ ಮೆದುಳಿನ ತುಣುಕುಗಳನ್ನು ಅರೆದು ಡೋಪಮೈನ್ ಹುಡುಕಿದರು. ಡೋಪಮೈನ್ ಇದ್ದರೆ ದ್ರಾವಣ ಗುಲಾಬಿಯಾಗುವ ಒಂದು ರಾಸಾಯನಿಕ ಕ್ರಿಯೆ ಅವರ ಕೈಯಲ್ಲಿತ್ತು. ಬೇರೆ ಕಾರಣಗಳಿಂದ ಸತ್ತವರ ಮೆದುಳಿನ ಸಾರ ಗುಲಾಬಿಯಾಯಿತು. ಪಾರ್ಕಿನ್ಸನ್ ರೋಗಿಗಳದ್ದು ಬಣ್ಣ ಬಂದೂ ಬಾರದಂತೆ ಪೇಲವವಾಗಿ ನಿಂತಿತು. ಉಪಕರಣದ ಮುಳ್ಳು ನೋಡುವ ಮೊದಲೇ ಬರಿಗಣ್ಣಿಗೆ ಉತ್ತರ ಸಿಕ್ಕಿತ್ತು. ಹರ್ಬರ್ಟ್ ಎಹ್ರಿಂಗರ್ ಜೊತೆ ಸೇರಿ ಹಾರ್ನಿಕೀವಿಚ್ ಅದನ್ನು 1960ರಲ್ಲಿ ಪ್ರಕಟಿಸಿದರು. ಮರುವರ್ಷ ವಾಲ್ಟರ್ ಬಿರ್ಕ್‌ಮೇಯರ್ ಜೊತೆಗೂಡಿ ರೋಗಿಗಳಿಗೆ ಲೆವೊಡೋಪಾ ಚುಚ್ಚುಮದ್ದು ಕೊಟ್ಟಾಗ, ಹಾಸಿಗೆ ಹಿಡಿದಿದ್ದವರು ಕೆಲವು ಗಂಟೆಗಳ ಮಟ್ಟಿಗೆ ಎದ್ದು ನಡೆದರು.

ಈ ಗುಲಾಬಿ ಸಾಕ್ಷಿಗೆ ಒಂದೇ ಕೊರತೆ, ಅದು ಸಿಗುವುದು ಸತ್ತ ಮೇಲೆ. ಬದುಕಿರುವವರ ತಲೆಬುರುಡೆ ತೆರೆದು ತುಣುಕು ಕೀಳಲಾಗದು. ರಕ್ತದಲ್ಲಿ ಡೋಪಮೈನ್ ಅಳೆಯೋಣವೆಂದರೆ ಅದೂ ವ್ಯರ್ಥ; ಡೋಪಮೈನ್ ಮೆದುಳಿನ ತಡೆಗೋಡೆ ದಾಟುವುದಿಲ್ಲ, ರಕ್ತದಲ್ಲಿ ಸಿಗುವುದು ಬಹುಮಟ್ಟಿಗೆ ದೇಹದ ಬೇರೆ ಭಾಗಗಳದ್ದು. ಹಾಗಾಗಿ ರೋಗ ಪತ್ತೆಯ ಕೆಲಸ 1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ಬಿಟ್ಟ ಕಡೆಯಲ್ಲೇ ಉಳಿಯಿತು. ಲಂಡನ್ನಿನ ಹಾಕ್ಸ್‌ಟನ್ ಬಡಾವಣೆಯ ಆ ವೈದ್ಯ 'ನಡುಗುವ ಪಾರ್ಶ್ವವಾಯು'ವಿನ ಬಗ್ಗೆ ಬರೆದ ಪ್ರಬಂಧದಲ್ಲಿ ಇರುವುದು ಆರೇ ಜನ. ಅವರಲ್ಲಿ ಇಬ್ಬರು ಬೀದಿಯಲ್ಲಿ ಎದುರಾದವರು, ಒಬ್ಬನನ್ನಂತೂ ಅವರು ದೂರದಿಂದ ನೋಡಿದ್ದಷ್ಟೇ. ಇನ್ನೂರು ವರ್ಷ ಕಳೆದರೂ ನರತಜ್ಞರ ಕೊಠಡಿಯಲ್ಲಿ ನಡೆಯುವುದು ಹೆಚ್ಚುಕಡಿಮೆ ಅದೇ ನೋಟ. ಹೆಬ್ಬೆರಳಿಗೆ ತೋರುಬೆರಳು ತಟ್ಟಿ ತೋರಿಸಿ, ಬಾಗಿಲವರೆಗೆ ನಡೆದು ತಿರುಗಿ ಬನ್ನಿ, ಒಂದು ಸಾಲು ಬರೆಯಿರಿ. ಅಕ್ಷರ ಸಾಲಿನ ಕೊನೆಗೆ ಹೋಗುತ್ತಾ ಇರುವೆಯಷ್ಟಾಗುತ್ತದೆ, ಒಂದು ಕೈ ಬೀಸುವುದನ್ನು ಮರೆತಿರುತ್ತದೆ. ಇಷ್ಟು ಕಣ್ಣಿಗೆ ಬೀಳುವ ಹೊತ್ತಿಗೆ ನಡುಮೆದುಳಿನ ಒಂದು ಕಪ್ಪು ಪಟ್ಟಿಯಲ್ಲಿ ಡೋಪಮೈನ್ ತಯಾರಿಸುವ ಕೋಶಗಳ ದೊಡ್ಡ ಪಾಲು ಸತ್ತುಹೋಗಿರುತ್ತದೆ. ಮಲಬದ್ಧತೆ, ವಾಸನೆ ತಿಳಿಯದಿರುವುದು, ನಿದ್ದೆಯಲ್ಲಿ ಕೈಕಾಲು ಬಡಿಯುವುದು ಇವೆಲ್ಲ ವರ್ಷಗಳ ಹಿಂದೆಯೇ ಶುರುವಾಗಿರಬಹುದು. ಆದರೆ ಮಲಬದ್ಧತೆಗೆ ಯಾರು ನರತಜ್ಞರ ಬಳಿ ಹೋಗುತ್ತಾರೆ?

ರಕ್ತದ ಕಡೆಗೆ ಮೊದಲ ಗಂಭೀರ ತಿರುವು ಬಂದದ್ದು ಒಂದು ಕಳ್ಳ ಮಾದಕದ್ರವ್ಯದಿಂದ. 1982ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಎಳೆ ವಯಸ್ಸಿನ ವ್ಯಸನಿಗಳು ಇದ್ದಕ್ಕಿದ್ದಂತೆ ಮರಗಟ್ಟಿ ಆಸ್ಪತ್ರೆ ಸೇರಿದರು. ನೋಡಿದರೆ ಎಪ್ಪತ್ತು ದಾಟಿದ ಪಾರ್ಕಿನ್ಸನ್ ರೋಗಿಗಳ ಹಾಗೆ. ವಿಲಿಯಂ ಲ್ಯಾಂಗ್‌ಸ್ಟನ್ ಎಂಬ ನರತಜ್ಞ ಬೆನ್ನುಹತ್ತಿ ಹೋದಾಗ ಸಿಕ್ಕಿದ್ದು ಎಂಪಿಟಿಪಿ ಎಂಬ ಕಲಬೆರಕೆ ವಿಷ. ಹೆರಾಯಿನ್‌ಗೆ ಬದಲಿಯಾಗಿ ಬೇಯಿಸಿದ ಮದ್ದಿನಲ್ಲಿ ತಯಾರಿಕೆ ಕೆಟ್ಟು ಹುಟ್ಟಿದ್ದು. ಅದು ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದೊಳಗೆ 'ಕಾಂಪ್ಲೆಕ್ಸ್ 1' ಎಂಬ ಯಂತ್ರದ ಕತ್ತು ಹಿಸುಕುತ್ತದೆ ಎಂದು ತಿಳಿದ ಮೇಲೆ ಒಂದು ಪ್ರಶ್ನೆ ತಾನಾಗಿ ಎದ್ದಿತು. ಮಾಮೂಲಿ ಪಾರ್ಕಿನ್ಸನ್ ರೋಗಿಗಳಲ್ಲೂ ಈ ಯಂತ್ರ ಕುಂಟುತ್ತಿದೆಯೇ? ಹಾಗಿದ್ದರೆ ಮೆದುಳಿಗೇ ಏಕೆ ಹೋಗಬೇಕು, ಪ್ಲೇಟ್‌ಲೆಟ್‌ಗಳಲ್ಲೂ ಮೈಟೊಕಾಂಡ್ರಿಯ ಇದೆಯಲ್ಲ. 1989ರಲ್ಲಿ ಡೇವಿಸ್ ಪಾರ್ಕರ್ ಮತ್ತು ಸಂಗಡಿಗರು ರೋಗಿಗಳ ಪ್ಲೇಟ್‌ಲೆಟ್‌ಗಳಲ್ಲಿ ಕಾಂಪ್ಲೆಕ್ಸ್ 1 ಸೊರಗಿದೆ ಎಂದು ತೋರಿಸಿದರು. ಅದೇ ವರ್ಷ ಲಂಡನ್ನಿನಲ್ಲಿ ಆಂಥೊನಿ ಶಪೀರಾ ಗುಂಪು ಮೆದುಳಿನ ಕಪ್ಪು ಪಟ್ಟಿಯಲ್ಲೂ ಅದನ್ನೇ ಕಂಡಿತು. ಎರಡೂ ತಾಳೆಯಾದವು. ಆದರೂ ಪ್ಲೇಟ್‌ಲೆಟ್ ಪರೀಕ್ಷೆ ಆಸ್ಪತ್ರೆಗೆ ಬರಲಿಲ್ಲ. ನೂರು ರೋಗಿಗಳ ಸರಾಸರಿ ಕಡಿಮೆ ಇರುತ್ತದೆ, ನಿಜ. ಎದುರಿಗೆ ಕೂತ ಒಬ್ಬ ಮನುಷ್ಯನ ಅಂಕಿ ಮಾತ್ರ ಆರೋಗ್ಯವಂತರ ಅಂಕಿಗಳ ನಡುವೆ ಎಲ್ಲೋ ಬೆರೆತು ಕಳೆದುಹೋಗುತ್ತದೆ. ಈ ಕ್ಷೇತ್ರದಲ್ಲಿ ಗುಂಪಿನ ಸತ್ಯ ಮತ್ತು ಒಬ್ಬನ ಸತ್ಯದ ನಡುವಿನ ಈ ಕಂದಕಕ್ಕೆ ಬಿದ್ದ ಸಂಶೋಧನೆಗಳ ಲೆಕ್ಕ ಇಡುವುದೇ ಕಷ್ಟ.

ನಿಜವಾದ ಆಸೆ ಚಿಗುರಿದ್ದು 1997ರಲ್ಲಿ. ದಕ್ಷಿಣ ಇಟಲಿಯ ಕಾಂತೂರ್ಸಿ ಎಂಬ ಊರಿನ ಒಂದು ದೊಡ್ಡ ಮನೆತನದಲ್ಲಿ ತಲೆತಲಾಂತರದಿಂದ ಈ ಕಾಯಿಲೆ ಇಳಿದು ಬಂದಿತ್ತು. ಅಮೆರಿಕಕ್ಕೆ ವಲಸೆ ಹೋಗಿದ್ದ ಕವಲುಗಳನ್ನು ನ್ಯೂಜೆರ್ಸಿಯ ನರತಜ್ಞ ಲಾರೆನ್ಸ್ ಗೋಲ್ಬ್ ಮತ್ತು ರೋಜರ್ ಡುವೊಸಿನ್ ಗುರುತಿಸಿ, ವಂಶವೃಕ್ಷವನ್ನು ಬೇರಿನವರೆಗೆ ಬಿಡಿಸಿದ್ದರು. ಆ ಮನೆತನದ ರಕ್ತದಿಂದ ತೆಗೆದ ಡಿಎನ್‌ಎಯಲ್ಲಿ ಮಿಹೇಲ್ ಪಾಲಿಮೆರೊಪೌಲೋಸ್ ತಂಡ ಒಂದೇ ಒಂದು ಅಕ್ಷರದ ದೋಷ ಕಂಡುಹಿಡಿಯಿತು. ದೋಷವಿದ್ದದ್ದು ಆಲ್ಫಾ-ಸೈನ್ಯೂಕ್ಲಿನ್ ಎಂಬ ಪ್ರೋಟೀನಿನ ಜೀನಿನಲ್ಲಿ. ಈ ಸೈನ್ಯೂಕ್ಲಿನ್ ಕುಟುಂಬದ ಮೊದಲ ಪ್ರೋಟೀನು 1988ರಲ್ಲಿ ಸಿಕ್ಕಿದ್ದು, ಮುಟ್ಟಿದರೆ ಕರೆಂಟು ಹೊಡೆಯುವ ಟಾರ್ಪೆಡೋ ಎಂಬ ಚಪ್ಪಟೆ ಮೀನಿನಲ್ಲಿ. ಆಗ ಅದಕ್ಕೂ ಕೈನಡುಕಕ್ಕೂ ಸಂಬಂಧವಿದೆಯೆಂದು ಯಾರ ಕನಸಿನಲ್ಲೂ ಬಂದಿರಲಿಲ್ಲ. ಎರಡೇ ತಿಂಗಳಲ್ಲಿ ಮರಿಯಾ ಗ್ರಾಜಿಯಾ ಸ್ಪಿಲ್ಲಂತೀನಿ ಮತ್ತು ಮಿಶೆಲ್ ಗೋಡರ್ಟ್ ಇನ್ನೊಂದು ತುಂಡನ್ನು ಜೋಡಿಸಿದರು. ಫ್ರಿಟ್ಸ್ ಲೆವಿ 1912ರಲ್ಲಿ ರೋಗಿಗಳ ನರಕೋಶದೊಳಗೆ ನೋಡಿದ್ದ, ಮುಂದೆ ಅವನ ಹೆಸರನ್ನೇ ಹೊತ್ತ ದುಂಡು ಉಂಡೆಗಳು ಈ ಸೈನ್ಯೂಕ್ಲಿನ್ ಗಂಟುಕಟ್ಟಿ ಆದವು. ಕಾಂತೂರ್ಸಿ ಮನೆತನದವರಲ್ಲಷ್ಟೇ ಅಲ್ಲ, ವಂಶದಲ್ಲಿ ಯಾರಿಗೂ ಕಾಯಿಲೆ ಇಲ್ಲದ ಸಾಮಾನ್ಯ ರೋಗಿಗಳಲ್ಲೂ.

ಅಪರಾಧಿಗೆ ಹೆಸರು ಸಿಕ್ಕಿತು. ಇನ್ನು ಹೆಜ್ಜೆ ಗುರುತು ಹುಡುಕಬೇಕು. 2003ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್‌ನಲ್ಲಿದ್ದ ಒಮರ್ ಎಲ್-ಅಗ್ನಾಫ್ ಮತ್ತು ಸಂಗಡಿಗರು ಆಲ್ಫಾ-ಸೈನ್ಯೂಕ್ಲಿನ್ ಕೋಶದೊಳಗೇ ಅಡಗಿ ಕೂರುವುದಿಲ್ಲ, ಬೆನ್ನುಹುರಿ ದ್ರವದಲ್ಲೂ ರಕ್ತದ ಪ್ಲಾಸ್ಮಾದಲ್ಲೂ ಸಿಗುತ್ತದೆ ಎಂದು ತೋರಿಸಿದರು. ಅದೇ ವರ್ಷ ಅಮೆರಿಕದ ಅಯೋವಾ ಮೂಲದ ಒಂದು ಕುಟುಂಬದಲ್ಲಿ ಈ ಜೀನಿನ ಪ್ರತಿ ಮೂರು ಪಟ್ಟಾಗಿರುವುದು ಸಿಕ್ಕಿತು. ಮರುವರ್ಷ ನೋಡಿದರೆ ಅವರ ರಕ್ತದಲ್ಲೂ ಪ್ರೋಟೀನು ಸುಮಾರು ಎರಡರಷ್ಟು. ಮೆದುಳಿನಲ್ಲಿ ಹೆಚ್ಚಾದರೆ ರಕ್ತದಲ್ಲೂ ಹೆಚ್ಚು ಎಂದ ಮೇಲೆ ಇನ್ನೇನು ಬೇಕು? ಹಲವು ದೇಶಗಳ ಲ್ಯಾಬುಗಳು ರಕ್ತ ಎಳೆಯಲು ಕೂತವು.

ಮುಂದಿನ ಕೆಲವು ವರ್ಷಗಳ ವರದಿಗಳನ್ನು ಒಟ್ಟಿಗೆ ಓದಿದರೆ ತಲೆ ತಿರುಗುತ್ತದೆ. 2006ರಲ್ಲಿ ಕೊರಿಯಾದವರು ರೋಗಿಗಳ ಪ್ಲಾಸ್ಮಾದಲ್ಲಿ ಸೈನ್ಯೂಕ್ಲಿನ್ ಹೆಚ್ಚಿದೆ ಎಂದರು. 2007ರಲ್ಲಿ ಆಸ್ಟ್ರೇಲಿಯಾದವರು ಕಡಿಮೆ ಇದೆ ಎಂದರು. ವ್ಯತ್ಯಾಸವೇ ಇಲ್ಲ ಎಂದವರೂ ಇದ್ದರು. ಎಲ್ಲರೂ ತಿಳಿದವರೇ, ಎಲ್ಲರ ಯಂತ್ರಗಳೂ ಒಳ್ಳೆಯವೇ. ಹಾಗಾದರೆ ಒಂದೇ ಕಾಯಿಲೆ ಒಂದು ದೇಶದಲ್ಲಿ ಏರಿ ಇನ್ನೊಂದು ದೇಶದಲ್ಲಿ ಇಳಿಯುವುದೆಂತು?

ಉತ್ತರ ಬಂದದ್ದು 2008ರಲ್ಲಿ, ಯಾರೂ ನೋಡದಿದ್ದ ಕಡೆಯಿಂದ. ರಾಬಿನ್ ಬಾರ್ಬರ್ ಮತ್ತು ಸಂಗಡಿಗರು ರಕ್ತವನ್ನು ಪದರ ಪದರವಾಗಿ ಬೇರ್ಪಡಿಸಿ, ಪ್ರತಿ ಪದರದಲ್ಲೂ ಆಲ್ಫಾ-ಸೈನ್ಯೂಕ್ಲಿನ್ ಅಳೆದರು. ಶೇ. 99ಕ್ಕೂ ಹೆಚ್ಚು ಇದ್ದದ್ದು ಕೆಂಪು ರಕ್ತಕಣಗಳಲ್ಲಿ. ಪ್ಲಾಸ್ಮಾ, ಬಿಳಿ ಕಣ, ಪ್ಲೇಟ್‌ಲೆಟ್ ಎಲ್ಲ ಸೇರಿದರೂ ಶೇ. 1ರಷ್ಟಿಲ್ಲ. ಮೆದುಳಿನ ಪ್ರೋಟೀನು ಎಂದು ನಾವು ಕರೆಯುತ್ತಿದ್ದದ್ದು ರಕ್ತದ್ದೂ ಪ್ರೋಟೀನೇ. ಕೆಂಪು ಕಣ ಬೆಳೆಯುವಾಗ ಹಿಮೊಗ್ಲೋಬಿನ್ ತಯಾರಿಗೆ ಹುಕುಂ ಕೊಡುವ ಜೀನ್ ನಿಯಂತ್ರಕವೇ ಸೈನ್ಯೂಕ್ಲಿನ್‌ಗೂ ಹುಕುಂ ಕೊಡುತ್ತದೆ ಎಂಬುದು ಅದೇ ವರ್ಷ ಇನ್ನೊಂದು ತಂಡದಿಂದ ತಿಳಿಯಿತು. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಒಳಗೆ ತೊಂಬತ್ತೊಂಬತ್ತು, ಹೊರಗೆ ಒಂದು. ನೂರರಲ್ಲಿ ಒಂದು ಕೆಂಪು ಕಣ ಒಡೆದರೆ ಸಾಕು, ಹೊರಗಿನದು ಎರಡಾಗುತ್ತದೆ. ಅಂದರೆ ಆರೋಗ್ಯವಂತನೊಬ್ಬ ಅಯೋವಾದ ಆ ಕುಟುಂಬದವನಾಗಿಬಿಡುತ್ತಾನೆ. ಕಣ್ಣಿಗೆ ಗುಲಾಬಿ ಕಾಣದಷ್ಟು ಅಲ್ಪ ಒಡೆದರೂ ಅಂಕಿ ಏರುಪೇರಾಗುತ್ತದೆ. ಸಂಶೋಧಕರು ಅಳೆಯುತ್ತಿದ್ದದ್ದರಲ್ಲಿ ಕಾಯಿಲೆ ಎಷ್ಟು, ಸೂಜಿ ಹಿಡಿದ ನರ್ಸಮ್ಮನ ಕೈ ಎಷ್ಟು ಎಂದು ಬಿಡಿಸಿ ಹೇಳುವವರು ಯಾರು?

ಬೆನ್ನುಹುರಿ ದ್ರವವೂ ಈ ಕಳಂಕದಿಂದ ಪಾರಾಗಲಿಲ್ಲ. ಸೊಂಟದ ಬಳಿ ಸೂಜಿ ಇಳಿಸುವಾಗ ಒಂದು ಸಣ್ಣ ರಕ್ತನಾಳ ತಗುಲಿದರೆ ಪನ್ನೀರಿನಷ್ಟು ತಿಳಿಯಾದ ಆ ದ್ರವಕ್ಕೆ ಹನಿ ರಕ್ತ ಬೆರೆಯುತ್ತದೆ. 2010ರಲ್ಲಿ ಸಿಯಾಟಲ್‌ನ ಜಿಂಗ್ ಝಾಂಗ್ ತಂಡ ಪ್ರತಿ ಸ್ಯಾಂಪಲಿನಲ್ಲೂ ಹಿಮೊಗ್ಲೋಬಿನ್ ಅಳೆದು, ರಕ್ತ ಬೆರೆತವನ್ನು ಪಕ್ಕಕ್ಕಿಟ್ಟು ಲೆಕ್ಕ ಹಾಕಿತು. ಆಗ ಮಂಜು ಸರಿಯಿತು: ರೋಗಿಗಳ ಬೆನ್ನುಹುರಿ ದ್ರವದಲ್ಲಿ ಸೈನ್ಯೂಕ್ಲಿನ್ ಕಡಿಮೆಯೇ ಇತ್ತು. ಗಂಟುಕಟ್ಟಿ ಮೆದುಳಲ್ಲೇ ಉಳಿಯುವುದರಿಂದ ಹೊರಗೆ ಬರುವುದು ಕಡಿಮೆ ಎಂದು ವಿವರಣೆ. ಆದರೆ ಒಬ್ಬೊಬ್ಬರ ಅಂಕಿ ಹಿಡಿದು ನೋಡಿದರೆ ಮತ್ತೆ ಅದೇ ಹಳೆಯ ಕಂದಕ. ನನಗೆ ಈ ಇಡೀ ಇತಿಹಾಸದಲ್ಲಿ ತೀರಾ ಇಷ್ಟವಾಗುವ ಕೆಲಸ ಈ ಎರಡು. ಹೊಸದೇನನ್ನೂ ಅವು ಘೋಷಿಸಲಿಲ್ಲ. ಟ್ಯೂಬು ತೊಳೆದಿದೆಯೇ ಎಂದು ನೋಡಿದವು, ಅಷ್ಟೆ. ಅಂಥ ಕೆಲಸಕ್ಕೆ ಪತ್ರಿಕೆಯ ಮುಖಪುಟ ಸಿಗುವುದಿಲ್ಲ.

ಈ ನಡುವೆ ಬೇರೆ ಕೆಲವರು ಸೈನ್ಯೂಕ್ಲಿನ್ ಗೋಜಿಲ್ಲದೆ ಯೂರಿಕ್ ಆಮ್ಲದ ಹಿಂದೆ ಹೋಗಿದ್ದರು. ಹೆಬ್ಬೆರಳು ಊದಿಸಿ ರಾತ್ರಿಯೆಲ್ಲ ಕಿರುಚಿಸುವ ಗೌಟ್‌ನ ಅದೇ ಯೂರಿಕ್ ಆಮ್ಲ. ಹೊನೊಲುಲುವಿನಲ್ಲಿ ಹೃದ್ರೋಗದ ಅಧ್ಯಯನಕ್ಕೆಂದು ಸುಮಾರು 8,000 ಜಪಾನಿ ಮೂಲದ ಗಂಡಸರನ್ನು ದಶಕಗಳ ಕಾಲ ಹಿಂಬಾಲಿಸಲಾಗಿತ್ತು. ಯೂರಿಕ್ ಆಮ್ಲ ಹೆಚ್ಚಿದ್ದವರಿಗೆ ಪಾರ್ಕಿನ್ಸನ್ ಬರುವುದು ಕಡಿಮೆ ಎಂದು 1996ರಲ್ಲಿ ಅದರಿಂದ ಗೊತ್ತಾಯಿತು. ಯಾವ ಗಲ್ಲಿಯ ಲ್ಯಾಬಿನಲ್ಲೂ ಮಾಡುವ ಅಗ್ಗದ ಪರೀಕ್ಷೆ ಇದು. ಮುಂದಿನ ಅಧ್ಯಯನಗಳಲ್ಲೂ, ಕಾಯಿಲೆ ಬಂದವರಲ್ಲಿ ಅದು ಹೆಚ್ಚಿದ್ದವರು ನಿಧಾನವಾಗಿ ಕುಗ್ಗುವುದು ಕಂಡಿತು. ಹಾಗಾದರೆ ಮಾತ್ರೆ ಕೊಟ್ಟು ಯೂರಿಕ್ ಆಮ್ಲ ಏರಿಸಿದರೆ? ಇನೊಸಿನ್ ಕೊಟ್ಟು 298 ಜನರ ಮೇಲೆ ಪ್ರಯೋಗ ನಡೆಯಿತು. ಆಮ್ಲ ಏರಿತು, ಕೆಲವರಿಗೆ ಮೂತ್ರಪಿಂಡದಲ್ಲಿ ಕಲ್ಲೂ ಆಯಿತು, ಕಾಯಿಲೆ ಮಾತ್ರ ತನ್ನ ಪಾಡಿಗೆ ತಾನು ಮುಂದುವರಿಯಿತು. ಪ್ರಯೋಗವನ್ನು 2018ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಕೊಡೆ ಹಿಡಿದವರು ಹೆಚ್ಚಿದ ದಿನ ಮಳೆ ಬರುತ್ತದೆ ಎಂದು ಊರವರಿಗೆಲ್ಲ ಕೊಡೆ ಹಂಚಿದ ಹಾಗಾಯಿತು.

ಸೈನ್ಯೂಕ್ಲಿನ್ ಬಣದವರು ಸುಮ್ಮನಿರಲಿಲ್ಲ. ಕೆಂಪು ಕಣದ ಸೈನ್ಯೂಕ್ಲಿನ್ ಅಡ್ಡ ಬರುತ್ತದೆಯೆಂದರೆ ಮೆದುಳಿನಿಂದ ಬಂದದ್ದನ್ನೇ ಹೆಕ್ಕಿದರಾಯಿತು. ಕೋಶಗಳು ಎಕ್ಸೊಸೋಮ್ ಎಂಬ ಅತಿಸೂಕ್ಷ್ಮ ಗುಳ್ಳೆಗಳನ್ನು ಹೊರಬಿಡುತ್ತವೆ, ಅವು ಮೆದುಳಿನ ತಡೆಗೋಡೆ ದಾಟಿ ರಕ್ತಕ್ಕೂ ಬರುತ್ತವೆ. ನರಕೋಶದ ಗುಳ್ಳೆಗೆ ಎಲ್1ಕ್ಯಾಮ್ ಎಂಬ ಪ್ರೋಟೀನು ಮನೆ ವಿಳಾಸದಂತೆ ಅಂಟಿರುತ್ತದೆ ಎಂಬುದು ನಂಬಿಕೆ, ಹಾಗಾಗಿ ಆ ವಿಳಾಸವಿದ್ದವನ್ನು ಪ್ರತಿಕಾಯಗಳ ಗಾಳ ಹಾಕಿ ಹಿಡಿಯಬಹುದು. 2014ರಲ್ಲಿ ಝಾಂಗ್ ಅವರದೇ ತಂಡ 267 ರೋಗಿಗಳು ಮತ್ತು 215 ಆರೋಗ್ಯವಂತರ ಪ್ಲಾಸ್ಮಾದಲ್ಲಿ ಗಾಳ ಹಾಕಿ, ರೋಗಿಗಳ ಗುಳ್ಳೆಗಳಲ್ಲಿ ಸೈನ್ಯೂಕ್ಲಿನ್ ಹೆಚ್ಚಿದೆ ಎಂದಿತು. ಈ ವಿಧಾನ ಹಬ್ಬಿದ ವೇಗ ನೋಡಬೇಕಿತ್ತು. ಮರೆಗುಳಿತನಕ್ಕೂ ಅದೇ ಗಾಳ. 2021ರಲ್ಲಿ ಹಾರ್ವರ್ಡ್‌ನ ಡೇವಿಡ್ ವಾಲ್ಟ್ ಪ್ರಯೋಗಾಲಯ ಆ ವಿಳಾಸವನ್ನೇ ಪರೀಕ್ಷೆಗೆ ಒಡ್ಡಿತು. ಪ್ಲಾಸ್ಮಾದಲ್ಲಾಗಲಿ ಬೆನ್ನುಹುರಿ ದ್ರವದಲ್ಲಾಗಲಿ ಎಲ್1ಕ್ಯಾಮ್ ಗುಳ್ಳೆಗಳಿಗೆ ಅಂಟಿಕೊಂಡೇ ಇರಲಿಲ್ಲ, ಬಿಡಿ ಪ್ರೋಟೀನಾಗಿ ತೇಲುತ್ತಿತ್ತು. ಏಳು ವರ್ಷ ಗಾಳಕ್ಕೆ ಬಿದ್ದದ್ದು ಏನು ಎಂಬ ಜಗಳ ಶುರುವಾಯಿತು.

ದಾರಿ ತೆರೆದದ್ದು ಪಾರ್ಕಿನ್ಸನ್‌ಗೆ ಸಂಬಂಧವೇ ಇಲ್ಲದ ಹುಚ್ಚುಹಸು ರೋಗದ ಕಡೆಯಿಂದ. ಆ ಗುಂಪಿನ ಕಾಯಿಲೆಗಳಲ್ಲಿ ಮಡಿಕೆ ಕೆಟ್ಟ ಪ್ರೋಟೀನೊಂದು ಪಕ್ಕದ ಒಳ್ಳೆಯ ಪ್ರೋಟೀನನ್ನೂ ತನ್ನಂತೆ ಕೆಡಿಸುತ್ತದೆ. ಈ ದುರ್ಗುಣವನ್ನೇ ಪರೀಕ್ಷೆಯಾಗಿಸಬಹುದು ಎಂದು ಕ್ಲಾಡಿಯೊ ಸೋಟೊ 2001ರಲ್ಲಿ ತೋರಿಸಿದ್ದರು. ಇದನ್ನು ನಮ್ಮ ಅಡುಗೆಮನೆಯವರಿಗೆ ವಿವರಿಸುವುದು ಸುಲಭ. ಒಂದು ಪಾತ್ರೆಯಲ್ಲಿ ಹೆಪ್ಪಿನ ಹನಿ ಉಳಿದಿದೆಯೋ ಇಲ್ಲವೋ ಕಣ್ಣಿಗೆ ಕಾಣದು. ಉಗುರು ಬೆಚ್ಚಗಿನ ಹಾಲು ಸುರಿದು ಇಟ್ಟುಬಿಡಿ. ಬೆಳಗಾಗುವಷ್ಟರಲ್ಲಿ ಮೊಸರಾಗಿದ್ದರೆ ಹೆಪ್ಪು ಇತ್ತು. ಇಲ್ಲಿ ಹಾಲೆಂದರೆ ಲ್ಯಾಬಿನಲ್ಲಿ ತಯಾರಿಸಿದ ಶುದ್ಧ ಸೈನ್ಯೂಕ್ಲಿನ್, ಹೆಪ್ಪೆಂದರೆ ರೋಗಿಯ ದ್ರವದಲ್ಲಿರಬಹುದಾದ ಕೆಟ್ಟ ಸೈನ್ಯೂಕ್ಲಿನ್ನಿನ ಲವಲೇಶ. ಕುಲುಕುತ್ತಾ ದಿನಗಟ್ಟಲೆ ಕಾಯಬೇಕು, ಗಂಟುಕಟ್ಟಿದರೆ ಒಂದು ಬಣ್ಣದ್ರವ್ಯ ಹೊಳೆಯತೊಡಗುತ್ತದೆ. ಇದುವರೆಗೆ ಕೇಳುತ್ತಿದ್ದದ್ದು ಸೈನ್ಯೂಕ್ಲಿನ್ ಎಷ್ಟಿದೆ ಎಂದು. ಈಗ ಅದರ ಗುಣವೇ ಪರೀಕ್ಷೆಗೆ ಬಂತು, ಕೆಂಪು ಕಣದ ಸಾಧು ಸೈನ್ಯೂಕ್ಲಿನ್ ಎಷ್ಟಿದ್ದರೂ ಅದು ಹೆಪ್ಪಲ್ಲ.

2016ರಲ್ಲಿ ಎಡಿನ್‌ಬರೋದಿಂದ, ಮರುವರ್ಷ ಸೋಟೊ ತಂಡದಿಂದ ಬೆನ್ನುಹುರಿ ದ್ರವದಲ್ಲಿ ಇದು ಫಲಿಸಿದ ಸುದ್ದಿ ಬಂತು. ನಟ ಮೈಕೇಲ್ ಜೆ. ಫಾಕ್ಸ್ ಮೂವತ್ತರ ಹರೆಯದ ಹೊತ್ತಿಗೇ ಈ ಕಾಯಿಲೆಗೆ ಸಿಕ್ಕಿ, 2000ದಲ್ಲಿ ಕಟ್ಟಿದ ಪ್ರತಿಷ್ಠಾನ 2010ರಿಂದ ಹಲವು ದೇಶಗಳಲ್ಲಿ ಜನರನ್ನು ವರ್ಷ ವರ್ಷವೂ ಪರೀಕ್ಷಿಸಿ ದ್ರವಗಳನ್ನು ಶೀತಪೆಟ್ಟಿಗೆಯಲ್ಲಿ ಕೂಡಿಡುತ್ತಿತ್ತು. ಆ ಭಂಡಾರದ 1,123 ಜನರ ಬೆನ್ನುಹುರಿ ದ್ರವ ಪರೀಕ್ಷಿಸಿದ ಫಲಿತಾಂಶ 2023ರಲ್ಲಿ ಬಂತು. ರೋಗಿಗಳಲ್ಲಿ ಶೇ. 87.7ರಷ್ಟು ಮಂದಿಯಲ್ಲಿ ಹೆಪ್ಪು ಸಿಕ್ಕಿತು, ಆರೋಗ್ಯವಂತರಲ್ಲಿ ಶೇ. 96.3ರಷ್ಟು ಮಂದಿಯಲ್ಲಿ ಸಿಗಲಿಲ್ಲ. ಕಂದಕಕ್ಕೆ ಮೊದಲ ಸಲ ಗಟ್ಟಿ ಸೇತುವೆ. ಆದರೆ ಸೇತುವೆ ಇರುವುದು ಬೆನ್ನಿನ ಸೂಜಿಯ ಬಳಿ. ಬೆನ್ನಿಗೆ ಚುಚ್ಚುವುದೆಂದರೆ ನಮ್ಮ ಹಿರಿಯರು ಆಸ್ಪತ್ರೆಯ ಗೇಟಿನಿಂದಲೇ ವಾಪಸು.

ರಕ್ತದಲ್ಲಿ ಹೆಪ್ಪು ಹಿಡಿಯುವುದು ಹಠಮಾರಿ ಕೆಲಸ. ರಕ್ತದ ನೂರಾರು ಪ್ರೋಟೀನುಗಳು, ಕೊಬ್ಬು, ಲವಣಗಳು ಮೊಸರಾಗುವುದನ್ನೇ ತಡೆಯುತ್ತವೆ. ಜರ್ಮನಿಯ ಕೀಲ್‌ನ ತಂಡ 2022ರಲ್ಲಿ ಪ್ಲಾಸ್ಮಾದಿಂದ ನರಕೋಶದ ಗುಳ್ಳೆಗಳನ್ನು ಬೇರ್ಪಡಿಸಿ ಅದರಲ್ಲಿ ಹೆಪ್ಪು ನೋಡಿತು. 30 ರೋಗಿಗಳನ್ನು 50 ಆರೋಗ್ಯವಂತರಿಂದ ಬಿಡಿಸಿ ತೋರಿಸಿತು. ನರಕೋಶದ ಗುಳ್ಳೆಗಳು ಎಂದ ಕೂಡಲೇ ಹಿಂದಿನ ವರ್ಷದ ಜಗಳ ನೆನಪಾಗದೆ ಇರದು. 2023ರಲ್ಲಿ ಟೋಕಿಯೋದ ಜುಂಟೆಂಡೊ ವಿಶ್ವವಿದ್ಯಾಲಯದ ನೊಬುಟಾಕ ಹತ್ತೋರಿ ತಂಡ ಗುಳ್ಳೆಗಳ ತಂಟೆಗೇ ಹೋಗದೆ, ಸೀರಮ್‌ನಿಂದ ಪ್ರತಿಕಾಯಗಳ ಮೂಲಕ ಹೆಪ್ಪನ್ನೇ ನೇರವಾಗಿ ಹೆಕ್ಕಿ ಬೆಳೆಸಿತು. ಬೆಳೆದ ನಾರುಗಳ ಆಕಾರ ನೋಡಿ ಇದು ಪಾರ್ಕಿನ್ಸನ್, ಇದು ಅದರ ದಾಯಾದಿ ಮಲ್ಟಿಪಲ್ ಸಿಸ್ಟಮ್ ಅಟ್ರೊಫಿ ಎಂದು ಬೇರ್ಪಡಿಸಬಹುದು ಎಂಬುದು ಅವರ ಇನ್ನೊಂದು ಮಾತು. ಹೊರನೋಟಕ್ಕೆ ಅವಳಿಗಳಂತಿರುವ ಈ ಎರಡನ್ನು ಮೊದಲ ವರ್ಷಗಳಲ್ಲಿ ಬಿಡಿಸಲಾಗದೆ ಅನುಭವಿ ನರತಜ್ಞರೂ ಒದ್ದಾಡುತ್ತಾರೆ.

ಮೋಸ ಹೋಗುವ ಬಗೆಗಳು ಮುಗಿದಿಲ್ಲ. ಡೋಪಾ ಡಿಕಾರ್ಬಾಕ್ಸಿಲೇಸ್ ಎಂಬ ಕಿಣ್ವ ರೋಗಿಗಳಲ್ಲಿ ಏರುತ್ತದೆ ಎಂದು 2023ರಲ್ಲಿ ಸ್ವೀಡನ್ನಿನ ಲುಂಡ್‌ನಿಂದ ವರದಿ ಬಂದಾಗ ಹೊಸ ಉತ್ಸಾಹ ಹುಟ್ಟಿತು. ಆದರೆ ಲೆವೊಡೋಪಾ ಮಾತ್ರೆಯೊಳಗೆ ಆ ಕಿಣ್ವವನ್ನು ಕಟ್ಟಿಹಾಕಲು ಸೇರಿಸಿರುವ ಔಷಧವೇ ರಕ್ತದಲ್ಲಿ ಅದನ್ನು ಏರಿಸುತ್ತದೆ. ಮಾತ್ರೆ ನುಂಗುವವರ ರಕ್ತದಲ್ಲಿ ಮಾತ್ರೆಯ ಸಾಕ್ಷಿ ಸಿಗುವುದೇನು ದೊಡ್ಡದು? ಹಾಗಾಗಿ ಇಂಥ ಪರೀಕ್ಷೆಗೆ ಬೆಲೆ ಬರುವುದು ಇನ್ನೂ ಮಾತ್ರೆ ಮುಟ್ಟದವರಲ್ಲಿ. 2024ರಲ್ಲಿ ಲಂಡನ್ ಮತ್ತು ಗೊಟ್ಟಿಂಗೆನ್ ತಂಡಗಳು ಅಂಥವರನ್ನೇ ಹಿಡಿದವು. ಜರ್ಮನಿಯ ಬ್ರಿಟ್ ಮೊಲೆನ್‌ಹೌಅರ್ ವರ್ಷಗಟ್ಟಲೆ ಕೂಡಿಟ್ಟ ರಕ್ತದಲ್ಲಿ ಎಂಟು ಪ್ರೋಟೀನುಗಳನ್ನು ಅಳೆದು, ಅಂಕಿಗಳನ್ನು ಕಂಪ್ಯೂಟರಿಗೆ ಕಲಿಸಿದರು. ನಿದ್ದೆಯಲ್ಲಿ ಕೈಕಾಲು ಬಡಿಯುವ 72 ಜನರಲ್ಲಿ ಕೆಲವರಿಗೆ ಮುಂದೆ ಪಾರ್ಕಿನ್ಸನ್ ಬರುವುದನ್ನು ಅದು ಏಳು ವರ್ಷಗಳವರೆಗೆ ಮೊದಲೇ ಹೇಳಿತ್ತು. ಏಳು ವರ್ಷ ಮೊದಲೇ ತಿಳಿದು ಮಾಡುವುದೇನು ಎಂದು ಕೇಳಿದರೆ, ಕಾಯಿಲೆಯ ಓಟಕ್ಕೆ ಕಡಿವಾಣ ಹಾಕುವ ಔಷಧ ಇನ್ನೂ ಯಾರ ಬಳಿಯೂ ಇಲ್ಲ. ಅಂಥ ಔಷಧ ಹುಡುಕುವವರಿಗೆ ಮಾತ್ರ ಕೋಶಗಳು ಸಾಯುವ ಮುನ್ನ ಸಿಗುವ ಈ ಜನ ಬೇಕೇ ಬೇಕು. ನನ್ನ ಹೆಸರು ಆ ಪಟ್ಟಿಯಲ್ಲಿದೆಯೇ ಎಂದು ತಿಳಿಯಲು ನಾನು ತೋಳು ಚಾಚುತ್ತೇನೆಯೇ? ಬರೆಯುವಾಗ ಹೌದೆನ್ನಿಸುತ್ತದೆ, ರಾತ್ರಿ ಮಲಗುವಾಗ ಬೇಡವೆನ್ನಿಸುತ್ತದೆ.

2024ರ ಆರಂಭದಲ್ಲಿ ವಿಜ್ಞಾನಿಗಳ ಎರಡು ಗುಂಪುಗಳು, ಇನ್ನು ಈ ಕಾಯಿಲೆಯನ್ನು ನಡುಕದಿಂದಲ್ಲ ಸೈನ್ಯೂಕ್ಲಿನ್ನಿನಿಂದ ವ್ಯಾಖ್ಯಾನಿಸಬೇಕು ಎಂದು ಪ್ರಸ್ತಾವ ಮುಂದಿಟ್ಟವು. ಸದ್ಯಕ್ಕೆ ಸಂಶೋಧನೆಯ ಮಟ್ಟಿಗೆ. ಅವು ಆತುಕೊಂಡಿರುವ ಪರೀಕ್ಷೆಗಳಲ್ಲಿ ಬೆನ್ನುಹುರಿ ದ್ರವವಿದೆ, ಚರ್ಮದ ತುಣುಕಿದೆ. ರಕ್ತ ಇನ್ನೂ ಹೊಸ್ತಿಲಾಚೆ ನಿಂತಿದೆ. ಅದನ್ನು ಒಳಗೆ ಕರೆತರಲು ಹೊರಟ ಪ್ರತಿ ಲ್ಯಾಬಿನಲ್ಲೂ ಲಕ್ಷಾಂತರ ಡಾಲರಿನ ಯಂತ್ರಗಳಿವೆ. ಆದರೂ ಸೆಂಟ್ರಿಫ್ಯೂಜ್ ನಿಂತ ಮೇಲೆ ಮುಚ್ಚಳ ತೆರೆದವರು ಮೊದಲು ಮಾಡುವುದು ವಿಯೆನ್ನಾದಲ್ಲಿ ಹಾರ್ನಿಕೀವಿಚ್ ಮಾಡಿದ್ದನ್ನೇ. ಟ್ಯೂಬನ್ನು ಬೆಳಕಿಗೆ ಹಿಡಿದು, ಹಳದಿಯೋ ಗುಲಾಬಿಯೋ ಎಂದು ಬರಿಗಣ್ಣಲ್ಲಿ ನೋಡುತ್ತಾರೆ.